‘ಕಾಣುತ್ತದೆ’ಯಿಂದ ‘ಕ್ಯಾನ್ ಸೀ’ವರೆಗೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಇಂಗ್ಲಿಷ್ ಪಾಠದ ಚರಿತ್ರೆ

ಕಣ್ಣಿಗೆ ಕಾಣುವುದು, ಕಿವಿಗೆ ಕೇಳಿಸುವುದು, ಮೂಗಿಗೆ ವಾಸನೆ ಬಡಿಯುವುದು, ನಾಲಿಗೆಗೆ ರುಚಿ ಹತ್ತುವುದು, ಮೈಗೆ ತಾಕುವುದು. ಈ ಐದನ್ನು ಹೇಳುವ ಇಂಗ್ಲಿಷಿನ ಮುಖ್ಯ ಕ್ರಿಯಾಪದಗಳು ಸೀ, ಹಿಯರ್, ಸ್ಮೆಲ್, ಟೇಸ್ಟ್, ಫೀಲ್. ವ್ಯಾಕರಣದಲ್ಲಿ ಇವುಗಳದು ಒಂದು ಪ್ರತ್ಯೇಕ ಗುಂಪು. ಈಗ ನಡೆಯುತ್ತಿರುವ ಕೆಲಸವನ್ನು ಹೇಳಬೇಕಾದಾಗ ಇಂಗ್ಲಿಷ್ ಬೇರೆ ಕ್ರಿಯಾಪದಗಳಿಗೆ ‘ಇಂಗ್’ ಹಚ್ಚುತ್ತದೆ: ‘ಐ ಆಮ್ ವಾಕಿಂಗ್’, ‘ಐ ಆಮ್ ಈಟಿಂಗ್’. ಎದುರಿಗೆ ನಂದಿಬೆಟ್ಟ ಕಾಣುತ್ತಿದ್ದರೆ ಮಾತ್ರ ‘ಐ ಆಮ್ ಸೀಯಿಂಗ್ ದ ಹಿಲ್’ ಎನ್ನುವುದಿಲ್ಲ. ‘ಐ ಕ್ಯಾನ್ ಸೀ ದ ಹಿಲ್’ ಎನ್ನುತ್ತದೆ. ಈ ‘ಕ್ಯಾನ್’ ಆಡುವವನ ಶಕ್ತಿ ಸಾಮರ್ಥ್ಯಗಳ ಮಾತೆತ್ತುವುದಿಲ್ಲ. ಬೆಟ್ಟ ಈಗ ಕಣ್ಣಿಗೆ ಬೀಳುತ್ತಿದೆ ಎಂಬಷ್ಟನ್ನೇ ತಿಳಿಸುತ್ತದೆ.

ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶುಡ್ ಮುಂತಾದ ಮೋಡಲ್ ಕ್ರಿಯಾಪದಗಳು ಇಂದ್ರಿಯಾನುಭವದ ಕ್ರಿಯಾಪದಗಳ ಜೊತೆ ಸೇರುವ ಈ ಬಗೆಯನ್ನು ಕನ್ನಡ ನಾಡಿನ ಮಕ್ಕಳು ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಿಂದ ಶಾಲೆಯಲ್ಲಿ ಕಲಿಯುತ್ತಿದ್ದಾರೆ. ಹಿಂದೆ ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಈ ಕಲಿಕೆಗೆ ಇನ್ನೊಂದು ಮಗ್ಗುಲಿದೆ. ಇಲ್ಲಿನ ಮಗು ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅದರ ಕಿವಿಯಲ್ಲಿ ಕನ್ನಡದ ಜೊತೆಗೆ ತೆಲುಗು ಇರುತ್ತದೆ, ಎಷ್ಟೋ ಓಣಿಗಳಲ್ಲಿ ದಖನಿ ಉರ್ದುವೂ ಇರುತ್ತದೆ. ಮೂರೂ ಭಾಷೆಗಳು ಕಾಣುವುದನ್ನೂ ಕೇಳಿಸುವುದನ್ನೂ ಹೇಳುವ ಕ್ರಮ ಒಂದೇ. ಇಂಗ್ಲಿಷಿನದು ಬೇರೆ.

ಇಂಗ್ಲಿಷಿನ ಒಳಗಿನ ಕಥೆ

‘ಕ್ಯಾನ್’ ಮೂಲದಲ್ಲಿ ಸಾಮರ್ಥ್ಯದ ಪದವೇ ಅಲ್ಲ. ಹಳೆಯ ಇಂಗ್ಲಿಷಿನ ‘ಕುನ್ನನ್’ ಎಂದರೆ ತಿಳಿ, ಅರಿ. ಜಾಣ, ಕುಯುಕ್ತಿಯವ ಎಂಬ ಅರ್ಥದ ‘ಕನ್ನಿಂಗ್’ ಅದೇ ಬಳ್ಳಿಯ ಕುಡಿ. ಅರಿತವನು ಮಾಡಬಲ್ಲ ಎಂಬ ದಾರಿಯಲ್ಲಿ ಅರಿವಿನ ಪದ ಕ್ರಮೇಣ ಸಾಮರ್ಥ್ಯದ ಪದವಾಯಿತು, ಆಮೇಲೆ ಸಾಧ್ಯತೆಯ ಪದವೂ ಆಯಿತು. ಕನ್ನಡದ ‘ಬಲ್ಲ’ ನಡೆದದ್ದೂ ಇದೇ ದಾರಿ. ‘ಅವನು ಸಂಗೀತ ಬಲ್ಲ’ ಎಂದರೆ ತಿಳಿದವನು. ‘ಅವನು ಹಾಡಬಲ್ಲ’ ಎಂದರೆ ಮಾಡಲು ಆಗುವವನು. ‘ಬಲ್ಲವರು’ ಇಂದಿಗೂ ತಿಳಿದವರೇ.

ಮೈಕಸುವನ್ನು ಹೇಳುತ್ತಿದ್ದ ಹಳೆಯ ಇಂಗ್ಲಿಷ್ ಪದ ‘ಮಗನ್’. ಇಂದಿನ ‘ಮೇ’, ‘ಮೈಟ್’ ಅದರಿಂದ ಬಂದವು. 9ನೆಯ ಶತಮಾನದ ಆಲ್ಫ್ರೆಡ್ ದೊರೆಯ ಗದ್ಯದಲ್ಲಿ ನೋಡುವ ಕ್ರಿಯಾಪದದ ಜೊತೆ ಬರುವುದು ಈ ‘ಮಗನ್’. ಮುಂದಿನ ಶತಮಾನಗಳಲ್ಲಿ ‘ಮೇ’ ಅನುಮತಿ ಮತ್ತು ಊಹೆಯ ಕಡೆಗೆ ಸರಿದಂತೆ ಅದು ಬಿಟ್ಟ ಜಾಗಕ್ಕೆ ‘ಕ್ಯಾನ್’ ಬಂದು ಕೂತಿತು. ‘ಮಸ್ಟ್’ನ ಹಿಂದಿರುವ ‘ಮೋಟನ್’ ಮೊದಲು ಅನುಮತಿಯನ್ನು ಸೂಚಿಸುತ್ತಿತ್ತು. ಆಮೇಲೆ ಅದು ಕಡ್ಡಾಯದ ಪದವಾಯಿತು, ಅಲ್ಲಿಂದ ‘ಹೀಗೇ ಇರಬೇಕು’ ಎಂಬ ಗಟ್ಟಿ ಊಹೆಯ ಪದವಾಯಿತು.

‘ಇಂಗ್’ ಹಚ್ಚಿ ಸದ್ಯದ ಕೆಲಸವನ್ನು ಹೇಳುವ ರೂಢಿ ಇಂಗ್ಲಿಷಿನಲ್ಲಿ ಬಲವಾಗಿ ಬೆಳೆದದ್ದು 17ನೆಯ ಶತಮಾನದಿಂದ ಈಚೆಗೆ. ತಾನಾಗಿ ಒದಗುವ ಅನುಭವಗಳನ್ನು ಹೇಳುವ ಪದಗಳು ಆ ರೂಢಿಯ ಹೊರಗೆ ಉಳಿದವು. ಬೇಕೆಂದೇ ಮಾಡುವ ‘ಲುಕ್’, ‘ಲಿಸನ್’, ‘ವಾಚ್’ಗಳಿಗೆ ‘ಇಂಗ್’ ಸಲೀಸಾಗಿ ಹತ್ತುತ್ತದೆ. ‘ಸೀ’, ‘ಹಿಯರ್’ಗಳಿಗೆ ಹತ್ತುವುದಿಲ್ಲ. ಹತ್ತಿದರೆ ಅರ್ಥವೇ ಬದಲಾಗುತ್ತದೆ: ‘ಐ ಆಮ್ ಸೀಯಿಂಗ್ ದ ಡಾಕ್ಟರ್’ ಎಂದರೆ ವೈದ್ಯರನ್ನು ಭೇಟಿಯಾಗುವುದು. ಹೀಗೆ ತೆರವಾಗಿ ಉಳಿದ ಜಾಗವನ್ನು ‘ಕ್ಯಾನ್’ ತುಂಬಿತು.

ಭೂತಕಾಲದಲ್ಲಿ ಈ ಕೆಲಸ ‘ಕುಡ್’ನದು. ‘ಐ ಹರ್ಡ್ ಎ ಟ್ರೇನ್’ ಎಂದರೆ ರೈಲಿನ ಸದ್ದು ಕಿವಿಗೆ ಬಿತ್ತು, ಅಲ್ಲಿಗೆ ಮುಗಿಯಿತು. ‘ಐ ಕುಡ್ ಹಿಯರ್ ಎ ಟ್ರೇನ್’ ಎಂದರೆ ಸದ್ದು ಕೇಳಿಸುತ್ತಲೇ ಇತ್ತು. ಒಮ್ಮೆ ಸಾಧಿಸಿ ಮುಗಿಸಿದ ಕೆಲಸಕ್ಕೆ ‘ಕುಡ್’ ಬಾರದು, ‘ವಾಸ್ ಏಬಲ್ ಟು’ ಬೇಕು ಎಂದು ವ್ಯಾಕರಣಗಳು ಹೇಳುತ್ತವೆ. ಅದೇ ವ್ಯಾಕರಣಗಳು ಇಂದ್ರಿಯಾನುಭವದ ಕ್ರಿಯಾಪದಗಳಿಗೆ ಆ ನಿಯಮದಿಂದ ವಿನಾಯಿತಿ ಕೊಡುತ್ತವೆ.

ಮೂರು ಮನೆಮಾತು, ಒಂದು ಕ್ರಮ

ಕನ್ನಡದಲ್ಲಿ ‘ನೋಡು’ ಮತ್ತು ‘ಕಾಣು’ ಬೇರೆ ಬೇರೆ. ನೋಡುವವನು ಮನಸ್ಸಿಟ್ಟು ನೋಡುತ್ತಾನೆ. ಕಾಣುವುದು ತಾನಾಗಿ ಕಾಣುತ್ತದೆ. ‘ನಾನು ಬೆಟ್ಟ ನೋಡಿದೆ’ ಎಂಬಲ್ಲಿ ಕರ್ತೃ ನಾನು. ‘ನನಗೆ ಬೆಟ್ಟ ಕಾಣುತ್ತದೆ’ ಎಂಬಲ್ಲಿ ಕರ್ತೃಸ್ಥಾನದಲ್ಲಿರುವುದು ಬೆಟ್ಟ. ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತು ಅನುಭವಿಸುವವನು. ‘ಕೇಳು’ ಮತ್ತು ‘ಕೇಳಿಸು’ ನಡುವಿನ ಅಂತರವೂ ಇದೇ. ವಾಸನೆ ನಮಗೆ ‘ಬರುತ್ತದೆ’, ರುಚಿ ‘ಹತ್ತುತ್ತದೆ’, ಚಳಿ ‘ಆಗುತ್ತದೆ’. ಅನುಭವ ಹೊರಗಿನಿಂದ ಬಂದು ಮನುಷ್ಯನನ್ನು ಮುಟ್ಟುತ್ತದೆ ಎಂಬ ಭಾವನೆ ವಾಕ್ಯದ ಕಟ್ಟಡದಲ್ಲೇ ಅಡಗಿದೆ.

ತೆಲುಗಿನದೂ ಇದೇ ನಡೆ. ‘ಚೂಡು’ ಎಂದರೆ ನೋಡು. ‘ನಾಕು ಕನಪಡುತುಂದಿ’ ಎಂದರೆ ನನಗೆ ಕಾಣುತ್ತದೆ. ‘ವಿನು’ ಎಂದರೆ ಕೇಳು; ‘ವಿನಪಡುತುಂದಿ’ ಎಂದರೆ ಕೇಳಿಸುತ್ತದೆ. ಶಿಡ್ಲಘಟ್ಟ, ಚಿಂತಾಮಣಿಗಳ ದಖನಿ ಮನೆಗಳಲ್ಲಿ ‘ಮೇರೆಕು ದಿಖ್ರಾ’ ಎನ್ನುವಾಗಲೂ ‘ನಾನು’ ಹೋಗಿ ‘ನನಗೆ’ ಬರುತ್ತದೆ. ಗಡಿನಾಡಿನ ಈ ಭಾಷಾ ಬೆರಕೆ ಇಂದು ನಿನ್ನೆಯದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ತಾತಯ್ಯನವರು ತಮ್ಮ ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು, ಕೇಳುವವರು ಎರಡನ್ನೂ ತಮ್ಮದೆಂದೇ ಕೇಳಿದರು. ಎಂ. ವಿಶ್ವೇಶ್ವರಯ್ಯನವರ ಮನೆತನವಾದ ಮುದ್ದೇನಹಳ್ಳಿಯ ಮೋಕ್ಷಗುಂಡಂ ಮನೆತನದ ಹೆಸರಲ್ಲೇ ಆಂಧ್ರದ ಊರಿದೆ.

ಸಾಧ್ಯತೆ ಹೇಳುವ ಪ್ರತ್ಯಯಗಳಲ್ಲೂ ಕನ್ನಡ ತೆಲುಗುಗಳು ಜೊತೆಗೂಡಿ ನಡೆದಿವೆ. ‘ನೋಡಬಹುದು’ ಎಂಬಲ್ಲಿನ ‘ಬಹುದು’ ಹಳಗನ್ನಡದ ‘ಬರ್ಪುದು’ ಸವೆದು ಆದದ್ದು. ಅದರ ಮೂಲಾರ್ಥ ‘ಬರುವುದು’. ತೆಲುಗಿನ ‘ಚೂಡವಚ್ಚು’ ಎಂಬಲ್ಲಿನ ‘ವಚ್ಚು’ ಕೂಡ ಬರುವುದೇ. ಕಸುವಿನ ಮಾತಿಗೆ ಕನ್ನಡದಲ್ಲಿ ‘ನೋಡಬಲ್ಲೆ’, ತೆಲುಗಿನಲ್ಲಿ ‘ಚೂಡಗಲನು’. ಸಾಧ್ಯತೆಗೆ ಒಂದು ರೂಪ, ಸಾಮರ್ಥ್ಯಕ್ಕೆ ಇನ್ನೊಂದು, ಸದ್ಯದ ಅನುಭವಕ್ಕೆ ಮೂರನೆಯದು. ಇಲ್ಲಿನ ಭಾಷೆಗಳು ಮೂರಾಗಿ ವಿಂಗಡಿಸಿ ಇಟ್ಟುಕೊಂಡದ್ದನ್ನು ಇಂಗ್ಲಿಷ್ ಒಂದೇ ‘ಕ್ಯಾನ್’ನಲ್ಲಿ ತುಂಬಿದೆ. ಶಾಲೆಯ ತೊಡಕು ಶುರುವಾಗುವುದು ಇಲ್ಲಿಂದ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ‘ನನಗೆ’ ಎಂದು ಶುರುವಾಗುವ ವಾಕ್ಯಗಳಿದ್ದವು. ಷೇಕ್ಸ್‌ಪಿಯರ್ ಓದಿದವರಿಗೆ ಪರಿಚಯವಿರುವ ‘ಮಿಥಿಂಕ್ಸ್’ ಎಂಬುದು ‘ನನಗೆ ತೋರುತ್ತದೆ’ ಎಂಬುದರ ಪಡಿಯಚ್ಚು; ಅದರಲ್ಲಿರುವ ‘ಮಿ’ ಚತುರ್ಥಿ. ಅಂಥ ರೂಪಗಳನ್ನು ಇಂಗ್ಲಿಷ್ ಒಂದೊಂದಾಗಿ ಕಳಚಿಕೊಂಡು ಅನುಭವಿಸುವವನನ್ನೇ ಕರ್ತೃವಾಗಿ ಮುಂದಕ್ಕೆ ತಂದಿತು.

ವ್ಯಾಕರಣಗಳೂ ನಿಘಂಟುಗಳೂ

ಕನ್ನಡ ಮತ್ತು ಇಂಗ್ಲಿಷನ್ನು ಎದುರುಬದುರು ಇಟ್ಟು ಬರೆದ ಮೊದಲ ಪುಸ್ತಕಗಳ ಓದುಗರು ಕನ್ನಡದ ಮಕ್ಕಳಲ್ಲ. ಕನ್ನಡ ಕಲಿಯಬೇಕಿದ್ದ ಪಾದ್ರಿಗಳು ಮತ್ತು ಅಧಿಕಾರಿಗಳು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಜಾನ್ ಮೆಕೆರೆಲನ ವ್ಯಾಕರಣ 1820ರಲ್ಲಿ ಮದ್ರಾಸಿನಲ್ಲಿ ಬಂತು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್‌ನ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಕಿಟ್ಟೆಲ್ 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಕೊಟ್ಟು ಈ ಸಾಲಿಗೆ ಕಳಶವಿಟ್ಟ.

ಇದೇ ಕಾಲದಲ್ಲಿ ಇಂಗ್ಲಿಷ್ ಜಗತ್ತಿನ ಶಾಲೆಗಳನ್ನು ಆಳುತ್ತಿದ್ದದ್ದು 1795ರಲ್ಲಿ ಬಂದ ಲಿಂಡ್ಲಿ ಮರೆಯ ವ್ಯಾಕರಣ. ಅದು ಲ್ಯಾಟಿನ್ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕ ಹೊಯ್ದು ಮೇ, ಕ್ಯಾನ್, ಮಸ್ಟ್ ಮೊದಲಾದ ಎಲ್ಲವನ್ನೂ ‘ಪೊಟೆನ್ಷಿಯಲ್ ಮೂಡ್’ ಎಂಬ ಒಂದೇ ಖಾನೆಗೆ ಹಾಕಿತು. ಆ ಖಾನೆಯಲ್ಲಿ ‘ವಾಕ್’ಗೂ ‘ಸೀ’ಗೂ ಭೇದವಿಲ್ಲ. ‘ಕ್ಯಾನ್ ವಾಕ್’ ಎಂದರೆ ನಡೆಯಬಹುದು ಅಥವಾ ನಡೆಯಬಲ್ಲೆ ಆದಮೇಲೆ ‘ಕ್ಯಾನ್ ಸೀ’ ಎಂದರೆ ನೋಡಬಹುದು ಅಥವಾ ನೋಡಬಲ್ಲೆ ಆಗುವುದು ಅನಿವಾರ್ಯ. ಸದ್ಯದ ಅನುಭವವನ್ನು ಹೇಳುವ ‘ಕಾಣುತ್ತದೆ’ಗೆ ಅಲ್ಲಿ ಜಾಗವೇ ಇರಲಿಲ್ಲ. ಪದಕ್ಕೆ ಪದ ಜೋಡಿಸುವ ನಿಘಂಟುಗಳಲ್ಲಿ ‘ಕಾಣು’ ಎಂಬುದು ‘ಅಪಿಯರ್’ ಜೊತೆಗೂ ‘ಸೀ’ ಜೊತೆಗೂ ಕೂರುತ್ತದೆ; ‘ಕ್ಯಾನ್ ಸೀ’ ಎಂಬ ಎರಡು ಪದಗಳ ಜೋಡಿಗೆ ನಿಘಂಟಿನಲ್ಲಿ ನಮೂದು ಇರುವುದಿಲ್ಲ. ಪಾದ್ರಿಗಳು ಕನ್ನಡ ಕಲಿಯಲು ಕಟ್ಟಿದ ಸೇತುವೆಯ ಮೇಲೆ ಕನ್ನಡದ ಮಕ್ಕಳು ಎದುರು ದಿಕ್ಕಿನಿಂದ ಇಂಗ್ಲಿಷಿಗೆ ನಡೆದರು.

ತಾಲ್ಲೂಕು ಶಾಲೆಗಳ ಕಾಲ

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಶಾಲೆ ತೆರೆದಿದ್ದರು. 1854ರ ವುಡ್ ವರದಿಯ ನಂತರ ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಮರುವರ್ಷ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಹೈಸ್ಕೂಲು ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜ್ ಆಯಿತು. ಹಳ್ಳಿಗಳಿಗೆ ಶಾಲೆ ಬಂದದ್ದು ವಿದ್ಯಾ ಇಲಾಖೆಯ ಬಿ.ಎಲ್. ರೈಸ್ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆಯಿಂದ, 1868ರಲ್ಲಿ. ಹೋಬಳಿ ಶಾಲೆಯಲ್ಲಿ ಓದು ಕನ್ನಡದಲ್ಲಿ. ಇಂಗ್ಲಿಷ್ ಬೇಕಾದವರು ತಾಲ್ಲೂಕು ಕೇಂದ್ರದ ಎ.ವಿ. ಸ್ಕೂಲಿಗೆ, ಅಂದರೆ ಆಂಗ್ಲೋ-ವರ್ನಾಕ್ಯುಲರ್ ಶಾಲೆಗೆ ಹೋಗಬೇಕು. ಹೈಸ್ಕೂಲು ಬೇಕಾದವರು ಬಹುಮಟ್ಟಿಗೆ ಬೆಂಗಳೂರಿನ ದಾರಿ ಹಿಡಿಯಬೇಕು.

ಈ ದಾರಿಯಲ್ಲಿ ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರದು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿ ಬೆಂಗಳೂರಿಗೆ ಹೋದ ಅವರು ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ ಪಡೆದರು. 1920ರ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ದಿಂದ 1951ರ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ವರೆಗೆ ಅವರು ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲೇ. ಎರಡು ತಲೆಮಾರಿನ ನಂತರ, 1935ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ ಹೈಸ್ಕೂಲಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ಸೆಂಟ್ರಲ್ ಕಾಲೇಜು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳನ್ನು ದಾಟಿ ಅವರು 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಳ್ಳಿಯ ಮಕ್ಕಳು ಓದಿಗಾಗಿ ಅಷ್ಟು ದೂರ ನಡೆಯುವ ಪಾಡು ತಪ್ಪಲಿ ಎಂದು ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ವಿದ್ಯಾಸಂಸ್ಥೆಗಳನ್ನು ತಂದವರೂ ಅವರೇ.

ಈ ಕಾಲದ ಇಂಗ್ಲಿಷ್ ಪಾಠದ ಬೆನ್ನೆಲುಬು ಭಾಷಾಂತರ. ಕರಿಹಲಗೆಯ ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಕನ್ನಡ ವಾಕ್ಯ. ಪರೀಕ್ಷೆಯಲ್ಲಿ ಎರಡೂ ಕಡೆಯಿಂದ ಭಾಷಾಂತರದ ಪ್ರಶ್ನೆ. ಜೆ.ಸಿ. ನೆಸ್‌ಫೀಲ್ಡನ ವ್ಯಾಕರಣಗಳೂ 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಪುಸ್ತಕವೂ ಇದಕ್ಕೆ ಆಧಾರ. ಕಲಿಯುವವನು ‘ಕ್ಯಾನ್ = ಬಹುದು’ ಎಂಬ ಸಮೀಕರಣವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದ. ಅದರಿಂದ ಎರಡು ಬಗೆಯ ತಪ್ಪು ಹುಟ್ಟಿತು.

ಒಂದು, ಕನ್ನಡದ ‘ಕೇಳಿಸುತ್ತಾ ಇದೆ’ ಎಂಬುದನ್ನು ನೇರವಾಗಿ ಹಿಡಿದು ‘ಐ ಆಮ್ ಹಿಯರಿಂಗ್ ಎ ಸೌಂಡ್’ ಎಂದು ಬರೆಯುವುದು. ಕನ್ನಡದಲ್ಲಿ ಕಾಣುವುದಕ್ಕೂ ಕೇಳಿಸುವುದಕ್ಕೂ ‘ಉತ್ತಾ ಇದೆ’ ಸಹಜವಾಗಿ ಹತ್ತುವುದರಿಂದ ಇಂಗ್ಲಿಷಿನಲ್ಲೂ ಹತ್ತಬೇಕು ಎಂಬ ಲೆಕ್ಕ. ಭಾರತೀಯರ ಇಂಗ್ಲಿಷಿನ ಲಕ್ಷಣಗಳನ್ನು ಪಟ್ಟಿ ಮಾಡಿದವರೆಲ್ಲ ಗುರುತಿಸಿದ ಬಳಕೆ ಇದು. ರೆನ್ ಮತ್ತು ಮಾರ್ಟಿನ್ ಪುಸ್ತಕದ ಪರಿಷ್ಕೃತ ಆವೃತ್ತಿಗಳು ‘ಇಂಗ್’ ಸಾಮಾನ್ಯವಾಗಿ ಹತ್ತದ ಕ್ರಿಯಾಪದಗಳ ಪಟ್ಟಿಯಲ್ಲಿ ಇಂದ್ರಿಯಾನುಭವದವನ್ನು ಮೊದಲಿಗೇ ಇಡುತ್ತವೆ. ‘ಇಂಗ್’ ಬಿಟ್ಟರೆ ಅದರ ಜಾಗಕ್ಕೆ ಏನು ಬರಬೇಕು ಎಂಬುದನ್ನು ಪಟ್ಟಿಯೊಂದೇ ಕಲಿಸಲಾರದು.

ಎರಡನೆಯ ತಪ್ಪು ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಿನದು. ‘ಐ ಕಾಂಟ್ ಸೀ’ ಎಂಬುದನ್ನು ‘ನಾನು ನೋಡಲಾರೆ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ಇಂಗ್ಲಿಷ್ ವಾಕ್ಯ ಹೇಳುವುದು ಮಂಜು ಕವಿದಿದೆ, ಕಂಬ ಅಡ್ಡ ಇದೆ, ಕಾಣಿಸುತ್ತಿಲ್ಲ ಎಂದು. ಕನ್ನಡದ ‘ನೋಡಲಾರೆ’ ಹೇಳುವುದು ಆ ದೃಶ್ಯ ಸಹಿಸಲು ನನ್ನಿಂದ ಆಗದು ಎಂದು. ಆಡುಮಾತಿನಲ್ಲೂ ‘ಕೇಳಿಸ್ತಿಲ್ಲ’ ಎಂದರೆ ದನಿ ಮುಟ್ಟುತ್ತಿಲ್ಲ. ‘ಕೇಳೋಕಾಗಲ್ಲ’ ಎಂದರೆ ಹಾಡು ಅಷ್ಟು ಕೆಟ್ಟದಾಗಿದೆ. ಒಂದು ಸಮೀಕರಣದ ಬಲದಿಂದ ಕಣ್ಣಿನ ಮಾತು ಮನಸ್ಸಿನ ಮಾತಾಗಿಬಿಡುತ್ತದೆ.

ಆದರೂ ‘ಬಹುದು’ ಎಲ್ಲ ಕಡೆಯೂ ತಪ್ಪಲ್ಲ. ‘ಫ್ರಮ್ ದ ಟಾಪ್ ಯು ಕ್ಯಾನ್ ಸೀ ದ ಫೋರ್ಟ್ ವಾಲ್’ ಎಂದು ಪ್ರವಾಸಿಗೆ ಹೇಳುವಾಗ ‘ಮೇಲಿನಿಂದ ಕೋಟೆಗೋಡೆಯನ್ನು ನೋಡಬಹುದು’ ಎಂಬುದೇ ಸರಿಯಾದ ಕನ್ನಡ. ಅದು ಯಾರಿಗಾದರೂ ಎಂದಾದರೂ ಒದಗುವ ಸಾಧ್ಯತೆ. ಅದೇ ಬೆಟ್ಟದ ಮೇಲೆ ನಿಂತು ಈಗ ನೋಡುತ್ತಿರುವವನು ‘ಐ ಕ್ಯಾನ್ ಸೀ’ ಎಂದರೆ ಅದಕ್ಕೆ ‘ಕಾಣುತ್ತಿದೆ’ ಎಂಬುದೇ ಕನ್ನಡ. ವಾಕ್ಯದ ಮುಂದೆ ಯಾರಿದ್ದಾರೆ, ಹೊತ್ತು ಯಾವುದು ಎಂಬುದರ ಮೇಲೆ ‘ಬಹುದು’ ಇರಬೇಕೋ ಬೇಡವೋ ನಿರ್ಧಾರವಾಗುತ್ತದೆ.

ವ್ಯಾಕರಣದಿಂದ ಚಿತ್ರಕ್ಕೆ

ಸ್ವಾತಂತ್ರ್ಯದ ನಂತರ ಇಂಗ್ಲಿಷ್ ಬೋಧನೆಯ ಕ್ರಮ ಬದಲಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪನೆಯಾದವು. ದಕ್ಷಿಣದ ರಾಜ್ಯಗಳ ಶಿಕ್ಷಕರು ತರಬೇತಿಗೆ ಬೆಂಗಳೂರಿಗೆ ಬರತೊಡಗಿದರು. ಅಲ್ಲಿ ಅವರು ಕಲಿತದ್ದು ಭಾಷಾಂತರವನ್ನು ಬದಿಗಿಟ್ಟು ವಾಕ್ಯದ ಅಚ್ಚುಗಳನ್ನು ಬಾಯಲ್ಲಿ ಪಳಗಿಸುವ ‘ಸ್ಟ್ರಕ್ಚರಲ್’ ವಿಧಾನ. ಈ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಎ.ಎಸ್. ಹಾರ್ನ್‌ಬಿ ಒಬ್ಬ. 1942ರಲ್ಲಿ ಅವನೂ ಸಂಗಡಿಗರೂ ಸಿದ್ಧಪಡಿಸಿದ ಕಲಿಯುವವರ ನಿಘಂಟು, 1954ರಲ್ಲಿ ಬಂದ ಅವನ ವಾಕ್ಯಮಾದರಿಗಳ ಕೈಪಿಡಿ ಕ್ರಿಯಾಪದಗಳನ್ನು ಒಂಟಿಯಾಗಿ ಬಿಡದೆ ಅವು ಕೂಡಿಬರುವ ಮಾದರಿಗಳ ಜೊತೆಗೇ ಕೊಟ್ಟವು.

ಹೊಸ ಕ್ರಮದಲ್ಲಿ ‘ಕ್ಯಾನ್ ಸೀ’ ಒಂದು ಇಡಿಯ ತುಂಡಾಗಿ ಮಕ್ಕಳ ಬಾಯಿಗೆ ಬಂತು. ಗೋಡೆಗೆ ಒಂದು ಚಿತ್ರಪಟ ತೂಗುಹಾಕಿ ‘ವಾಟ್ ಕ್ಯಾನ್ ಯು ಸೀ ಇನ್ ದ ಪಿಕ್ಚರ್?’ ಎಂದು ಕೇಳುವುದು. ‘ಐ ಕ್ಯಾನ್ ಸೀ ಎ ಟ್ರೀ’, ‘ಐ ಕ್ಯಾನ್ ಸೀ ಎ ಕೌ’ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುವುದು. ಈ ಪ್ರಶ್ನೆ ಪ್ರಾಥಮಿಕ ಪಠ್ಯಪುಸ್ತಕಗಳಲ್ಲಿ ಇಂದಿಗೂ ನಿಂತಿದೆ. ಚಿತ್ರ ಕಣ್ಣೆದುರಿಗೇ ಇರುವಾಗ ‘ಕ್ಯಾನ್’ ಎಂದರೇನೆಂದು ಮಗು ಕೇಳುವುದಿಲ್ಲ. ಅದು ‘ಚಿತ್ರದಲ್ಲಿ ಏನೇನು ಕಾಣಿಸುತ್ತಿದೆ?’ ಎಂಬ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ಉತ್ತರಿಸುತ್ತದೆ. ಭಾಷಾಂತರ ಒಂದು ಶತಮಾನ ಹಿಡಿದುಕೊಂಡು ಬಂದಿದ್ದ ಸಮೀಕರಣವನ್ನು ಒಂದು ಚಿತ್ರಪಟ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿತು.

ಬಾಯಿಪಾಠದ ಅಚ್ಚುಗಳು ಕೊನೆಗೆ ಯಾಂತ್ರಿಕವಾಗುತ್ತವೆ ಎಂಬ ಅಸಮಾಧಾನವೂ ಬೇಗ ಹುಟ್ಟಿತು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾ ಬೋಧನೆಯ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ನಕ್ಷೆ ಓದುವುದು, ರೈಲು ವೇಳಾಪಟ್ಟಿಯಿಂದ ಲೆಕ್ಕ ಹಾಕುವುದು ಮುಂತಾದ ಕೆಲಸಗಳನ್ನು ಕೊಟ್ಟರೆ ಅರ್ಥದ ಕಡೆ ಗಮನವಿರುವಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಅವರ ವಾದ. 1987ರಲ್ಲಿ ಅವರು ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಗಿ’ ಪುಸ್ತಕದಲ್ಲಿ ಅದನ್ನು ವಿವರಿಸಿದರು.

2007 ಈ ಸೀಮೆಗೆ ಎರಡು ಕಾರಣಕ್ಕೆ ಮುಖ್ಯ. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು ಆ ವರ್ಷ. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಿಗೆ 1ನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದೂ ಆ ವರ್ಷವೇ. ಅದಕ್ಕೆ ಮೊದಲು 5ನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆ ಕಲಿಯುತ್ತಿದ್ದ ಮಕ್ಕಳು ಈಗ ಆರನೆಯ ವಯಸ್ಸಿಗೇ ಚಿತ್ರ ನೋಡಿ ‘ಐ ಕ್ಯಾನ್ ಸೀ’ ಎನ್ನತೊಡಗಿದರು. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು.

ಫೋನು ಮತ್ತು ಆನ್‌ಲೈನ್ ತರಗತಿ ಇನ್ನೊಂದು ಬಳಕೆಯನ್ನು ಬೆಳೆಸಿದವು. ‘ಕೇಳಿಸ್ತಾ ಇದ್ದೀನಾ?’ ಎಂಬುದಕ್ಕೆ ಭಾರತದ ಇಂಗ್ಲಿಷ್ ‘ಆಮ್ ಐ ಆಡಿಬಲ್?’ ಎನ್ನುತ್ತದೆ, ಇಂಗ್ಲೆಂಡಿನವರು ‘ಕ್ಯಾನ್ ಯು ಹಿಯರ್ ಮಿ?’ ಎನ್ನುತ್ತಾರೆ. ಮೊದಲನೆಯದರಲ್ಲಿ ಕೇಳಿಸುವ ದನಿಯೇ ಕರ್ತೃ, ಥೇಟ್ ಕನ್ನಡದ ಹಾಗೆ. ‘ಕ್ಯಾನ್’ ಇಲ್ಲದೆಯೇ ‘ಕೇಳಿಸುವುದನ್ನು’ ಇಂಗ್ಲಿಷಿನಲ್ಲಿ ಹೇಳುವ ದಾರಿಯೊಂದನ್ನು ಇಲ್ಲಿನ ಭಾಷಿಕರು ಹುಡುಕಿಕೊಂಡಿದ್ದಾರೆ.

ಊಹೆಯ ಮಾತು: ಮಸ್ಟ್, ಮೇ, ಮತ್ತು ಶಿಡ್ಲಘಟ್ಟದ ಗೂಡು

ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಇಂದ್ರಿಯಾನುಭವದ ಮುಂದಿನ ಹೆಜ್ಜೆ. ಇಲ್ಲಿ ಕನ್ನಡವೂ ಇಂಗ್ಲಿಷೂ ಆಶ್ಚರ್ಯವಾಗುವಷ್ಟು ಸಮೀಪ ಬರುತ್ತವೆ. ಇದನ್ನು ಹತ್ತಿರದಿಂದ ನೋಡಲು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ಹರಾಜಿಗೆ ಬಂದ ಗೂಡಿನ ರಾಶಿಯ ಮುಂದೆ ನಿಂತ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವನು, ಮೊದಲು ಬಣ್ಣ, ಗಾತ್ರ, ಕಲೆ ನೋಡುತ್ತಾನೆ. ನಾಲ್ಕಾರು ಗೂಡು ಹೆಕ್ಕಿ ಬೆರಳಲ್ಲಿ ಒತ್ತಿ ಬಿಗಿ ಪರೀಕ್ಷಿಸುತ್ತಾನೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಪ್ಯೂಪಾ ಕಟಕಟ ಸದ್ದು ಮಾಡಿದರೆ ಹುಳು ಸರಿಯಾಗಿ ಕೋಶಾವಸ್ಥೆಗೆ ಬಂದಿದೆ ಎಂದರ್ಥ. ಸದ್ದು ಮಂಕಾಗಿದ್ದರೆ ‘ಒಳಗೆ ಹುಳು ಸತ್ತಿರಬೇಕು’ ಎನ್ನುತ್ತಾನೆ. ನೂಲು ಎಷ್ಟು ಇಳಿದೀತು ಎಂಬ ಅಂದಾಜಿಗೆ ‘ಚೆನ್ನಾಗಿ ಬರಬಹುದು’ ಎನ್ನುತ್ತಾನೆ. ಗೂಡನ್ನು ಯಾರೂ ಒಡೆದು ನೋಡಿಲ್ಲ. ಕಣ್ಣು, ಬೆರಳು, ಕಿವಿ ಕೊಟ್ಟ ಸಾಕ್ಷ್ಯದ ಮೇಲೆ ಬೆಲೆ ಕಟ್ಟಲಾಗುತ್ತದೆ.

‘ಸತ್ತಿರಬೇಕು’ ಎಂಬುದು ‘ಮಸ್ಟ್ ಬಿ ಡೆಡ್’. ‘ಬರಬಹುದು’ ಎಂಬುದು ‘ಮೇ’. ಕನ್ನಡದ ‘ಬೇಕು’ ಕಡ್ಡಾಯವನ್ನೂ ಹೇಳುತ್ತದೆ, ಗಟ್ಟಿ ಊಹೆಯನ್ನೂ ಹೇಳುತ್ತದೆ. ‘ಮಸ್ಟ್’ ಕೂಡ ಹಾಗೆಯೇ. ‘ನೀನು ಹೋಗಬೇಕು’, ‘ಅವನು ಹೋಗಿರಬೇಕು’ ಎಂಬ ಎರಡರಲ್ಲೂ ಇರುವುದು ಒಂದೇ ‘ಬೇಕು’. ಊಹೆಯಾಗುವಾಗ ಕನ್ನಡ ನಡುವೆ ‘ಇರು’ ಸೇರಿಸಿಕೊಳ್ಳುತ್ತದೆ, ಇಂಗ್ಲಿಷ್ ‘ಹ್ಯಾವ್’ ಸೇರಿಸಿಕೊಳ್ಳುತ್ತದೆ: ‘ಹಿ ಮಸ್ಟ್ ಹ್ಯಾವ್ ಗಾನ್’. ಇಂದ್ರಿಯಾನುಭವದ ಕ್ರಿಯಾಪದಕ್ಕೇ ಇದು ಹತ್ತಿದರೆ ‘ಯು ಮಸ್ಟ್ ಹ್ಯಾವ್ ಹರ್ಡ್’, ಅಂದರೆ ‘ನೀವು ಕೇಳಿರಬೇಕು’. ‘ಶಿ ಮೇ ಹ್ಯಾವ್ ಸೀನ್’, ಅಂದರೆ ‘ಅವಳು ನೋಡಿರಬಹುದು’. ಈ ಜೋಡಿಗಳಲ್ಲಿ ಪದಕ್ಕೆ ಪದ ಇಟ್ಟರೂ ಅರ್ಥ ಕೆಡುವುದಿಲ್ಲ. ಶಾಲೆಯ ಹಳೆಯ ಸಮೀಕರಣ ಎಡವುವುದು ಸದ್ಯದ ಅನುಭವ ಹೇಳುವ ‘ಕ್ಯಾನ್’, ‘ಕುಡ್’ಗಳಲ್ಲಿ ಮಾತ್ರ.

ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಮಳೆ ಬರೋ ಹಾಗೆ ಕಾಣುತ್ತೆ’, ‘ಅವರು ಊರಿಗೆ ಹೋಗಿದ್ದಾರೆ ಅಂತ ಕಾಣುತ್ತೆ’ ಎಂಬಲ್ಲಿ ‘ಕಾಣು’ ಕಣ್ಣಿನ ಕೆಲಸ ಬಿಟ್ಟು ಊಹೆಯ ಕೆಲಸಕ್ಕೆ ನಿಂತಿದೆ. ‘ನಾ ಕಾಣೆ’ ಎಂದರೆ ನನಗೆ ತಿಳಿಯದು. ಇಂಗ್ಲಿಷ್ ಇಂದ್ರಿಯದ ಪದದ ಮುಂದೆ ಒಂದು ಮೋಡಲ್ ಇಡುತ್ತದೆ; ಕನ್ನಡದಲ್ಲಿ ಇಂದ್ರಿಯದ ಪದವೇ ಮೋಡಲ್ ಆಗಿ ದುಡಿಯುತ್ತದೆ.

ಯಂತ್ರಗಳ ‘ಬಲ್ಲ’

ಸಾಮರ್ಥ್ಯದ ‘ಕ್ಯಾನ್’ ತನ್ನ ಶುದ್ಧ ರೂಪದಲ್ಲಿ ಬರುವುದು ಯಂತ್ರಗಳ ಮಾತಿನಲ್ಲಿ. ಗೌರಿಬಿದನೂರಿನ ಬಳಿ ಅಂಥ ಎರಡು ಯಂತ್ರಸಮೂಹಗಳಿವೆ. ದೂರದ ದೇಶಗಳ ಭೂಗತ ಅಣುಸ್ಫೋಟಗಳ ಕಂಪನ ಹಿಡಿಯಲು ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು 1965ರಲ್ಲಿ ಅಲ್ಲಿ ನೆಲೆಗೊಂಡಿತು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ 1976ರಲ್ಲಿ ಕೆಲಸ ಶುರುಮಾಡಿತು. ಇಂಗ್ಲಿಷಿನ ‘ಟಿ’ ಅಕ್ಷರದಂತೆ ನಿಂತ 1,000 ಡೈಪೋಲುಗಳು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಆಲಿಸುತ್ತಿದ್ದವು. ಇಂಥ ಯಂತ್ರಗಳ ಬಗ್ಗೆ ಇಂಗ್ಲಿಷಿನಲ್ಲಿ ‘ಕ್ಯಾನ್ ಡಿಟೆಕ್ಟ್’ ಎಂದರೆ ಕನ್ನಡದಲ್ಲಿ ‘ಗ್ರಹಿಸಬಲ್ಲದು’ ಎಂದೇ ಹೇಳಬೇಕು. ‘ಗ್ರಹಿಸುತ್ತಿದೆ’ ಎಂದರೆ ಅರ್ಥ ಬೇರೆ. ಯಂತ್ರದ ‘ಕ್ಯಾನ್’ ಅದಕ್ಕಿರುವ ಕಸುವನ್ನು ಹೇಳುತ್ತದೆ. ಮನುಷ್ಯನ ‘ಕ್ಯಾನ್ ಸೀ’ ಅವನಿಗೆ ಆ ಹೊತ್ತಿನಲ್ಲಿ ಆಗುತ್ತಿರುವ ಅನುಭವವನ್ನು ಹೇಳುತ್ತದೆ.

ಹೀಗೆ ‘ಕ್ಯಾನ್’ಗೆ ಕನ್ನಡದಲ್ಲಿ ಮೂರು ಉತ್ತರಗಳಿವೆ: ಕಸುವಿಗೆ ‘ಬಲ್ಲ’, ಸಾಧ್ಯತೆಗೆ ‘ಬಹುದು’, ಸದ್ಯದ ಇಂದ್ರಿಯಾನುಭವಕ್ಕೆ ‘ಕಾಣುತ್ತದೆ, ಕೇಳಿಸುತ್ತದೆ’. 19ನೆಯ ಶತಮಾನದ ವ್ಯಾಕರಣ ಮೊದಲ ಎರಡನ್ನು ಪಾಠವಾಗಿ ಕೊಟ್ಟಿತು. ಮೂರನೆಯದು ಮಗುವಿನ ಮನೆಮಾತಿನಲ್ಲಿ ಮೊದಲಿನಿಂದಲೂ ಇತ್ತು. 20ನೆಯ ಶತಮಾನದ ಎರಡನೆಯ ಅರ್ಧದಲ್ಲಿ ತರಗತಿಯ ಗೋಡೆಗೆ ಚಿತ್ರಪಟ ಬಂದ ಮೇಲೆ ಅದು ಇಂಗ್ಲಿಷ್ ಪಾಠದೊಳಗೂ ಬಂತು.